ಫಿಲ್ಮಿನ ಎಡ, ರೋಗಿಯ ಬಲ: ನ್ಯೂರೋಸರ್ಜರಿ ಪಾಠದ ಒಂದು ಪ್ರಕರಣ ಅಧ್ಯಯನ

ಎಂಬಿಬಿಎಸ್ ಮುಗಿಸುವವರಲ್ಲಿ ನ್ಯೂರೋಸರ್ಜನ್, ಅಂದರೆ ಮಿದುಳು–ನರಗಳ ಶಸ್ತ್ರವೈದ್ಯ, ಆಗುವವರು ಬೆರಳೆಣಿಕೆಯಷ್ಟು. ಎಂಎಸ್ ಎಂಬ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ ಮುಗಿಸಿ ಮೂರು ವರ್ಷದ ಎಂಸಿಎಚ್ ಎಂಬ ಉನ್ನತ ಪದವಿ ಮಾಡಬೇಕು, ಇಲ್ಲವೇ ಎಂಬಿಬಿಎಸ್ ಆದ ಮೇಲೆ ನೇರ ಆರು ವರ್ಷದ ಎಂಸಿಎಚ್ ಸೇರಬೇಕು. ಅಷ್ಟು ದೂರ ಹೋಗುವವರು ಕಡಿಮೆ. ಉಳಿದವರೆಲ್ಲ ಒಂದಲ್ಲ ಒಂದು ರಾತ್ರಿ ಸುಳ್ಯದಲ್ಲೋ ಬೆಳ್ತಂಗಡಿಯಲ್ಲೋ ಬೈಂದೂರಿನಲ್ಲೋ ಡ್ಯೂಟಿಯಲ್ಲಿರುವಾಗ, ತಲೆಗೆ ಪೆಟ್ಟು ಬಿದ್ದ ರೋಗಿಯನ್ನು ಒಬ್ಬರೇ ನೋಡಬೇಕಾದವರು. ಅವರಿಗೆ ತಲೆ ತೆರೆಯಲು ಬರಬೇಕಾಗಿಲ್ಲ. ಒಳಗೆ ಏನಾಗುತ್ತಿದೆ, ಎಷ್ಟು ಬೇಗ ಆಗುತ್ತಿದೆ, ಮಂಗಳೂರಿಗೋ ಮಣಿಪಾಲಕ್ಕೋ ಯಾವಾಗ ಕಳಿಸಬೇಕು, ಫೋನಿನಲ್ಲಿ ಏನು ಹೇಳಬೇಕು ಎಂಬುದು ಗೊತ್ತಿದ್ದರೆ ಸಾಕು.

ಆದರೆ ನರವ್ಯೂಹ ಎಂದ ಕೂಡಲೇ ವಿದ್ಯಾರ್ಥಿಗಳಿಗೆ ಒಂದು ಅಳುಕು. ಅಮೆರಿಕದ ನರವೈದ್ಯ ರಾಲ್ಫ್ ಜೋಝೆಫೊವಿಚ್ 1994ರಲ್ಲಿ ಇದಕ್ಕೆ ‘ನ್ಯೂರೋಫೋಬಿಯಾ’ ಎಂದು ಹೆಸರಿಟ್ಟರು. ನಮ್ಮಲ್ಲಿ ಅದಕ್ಕೆ ಸಮಯದ ಅಭಾವವೂ ಸೇರಿಕೊಳ್ಳುತ್ತದೆ. ಸರ್ಜರಿ ಪೋಸ್ಟಿಂಗಿನ ಒಳಗೆ ನ್ಯೂರೋಸರ್ಜರಿಗೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಓಟಿಯ ಮೂಲೆಯಲ್ಲಿ ನಿಂತರೆ ಕಾಣುವುದು ಹಸಿರು ಬಟ್ಟೆ, ಸರ್ಜನ್ನರ ಬೆನ್ನು, ಮೈಕ್ರೋಸ್ಕೋಪಿನ ಕಂಬ.

ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಸ್ಕಿಲ್ಸ್ ಲ್ಯಾಬಿನಲ್ಲಿ ಈ ಕೊರತೆ ತುಂಬಲು ಶುರುವಾದ ಒಂದು ಪಾಠದ ಕಥೆ ಇದು. ಕಣ್ಣಿಗೆ ಕಟ್ಟಿಕೊಂಡು ಮೂರು ಆಯಾಮದ ಚಿತ್ರ ನೋಡುವ ವಿಆರ್ ಹೆಡ್‌ಸೆಟ್, ಥ್ರೀಡಿ ಪ್ರಿಂಟರ್, ಪರದೆಯ ಮೇಲಿನ ಕೇಸ್ ಸಿಮ್ಯುಲೇಶನ್ ಮೂರೂ ಇದರಲ್ಲಿ ಇದ್ದವು. ಫಿಲ್ಮ್ ನೋಡಿ ಬುರುಡೆಯ ಮೇಲೆ ಗುರುತು ಹಾಕಿಸುವ ಮೇಜು ನನ್ನದಾಗಿತ್ತು. ಹಾಗಾಗಿ ನಾನು ಹತ್ತಿರದಿಂದ ಕಂಡದ್ದು ಆ ಮೇಜಿನ ಮೇಲೆ ನಡೆದದ್ದನ್ನೇ, ಬರೆಯುವುದೂ ಹೆಚ್ಚಾಗಿ ಅದನ್ನೇ. ರೋಗಿಯ ಮತ್ತು ವಿದ್ಯಾರ್ಥಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ರೋಗಿ

ಪಾಠಕ್ಕೆ ಆಧಾರವಾದವರು ಪುತ್ತೂರಿನ ಆಚೆಯ ಒಬ್ಬ ಅಡಿಕೆ ಕೊಯ್ಲಿನ ಕೆಲಸಗಾರರು. ಮರದಿಂದ ಜಾರಿ ಬಿದ್ದರು. ಸ್ವಲ್ಪ ಹೊತ್ತು ಮಂಕಾಗಿದ್ದು, ಎದ್ದು ಕೂತು, ನೀರು ಕುಡಿದು, ಏನೂ ಆಗಿಲ್ಲ ಎಂದು ನಡೆದೇ ಮನೆಗೆ ಹೋದರು. ಸಂಜೆಗೆ ತಲೆನೋವು, ಆಮೇಲೆ ವಾಂತಿ. ತಾಲೂಕು ಆಸ್ಪತ್ರೆಯಲ್ಲಿ ಗ್ಲಾಸ್ಗೋ ಅಂಕ (ಕಣ್ಣು, ಮಾತು, ಚಲನೆ ನೋಡಿ ಪ್ರಜ್ಞೆ ಅಳೆಯುವ ಅಂಕ, ಪೂರ್ಣ ಎಚ್ಚರಕ್ಕೆ 15) 14 ಎಂದು ಬರೆದಿದ್ದರು. ಮಂಗಳೂರು ಮುಟ್ಟುವಾಗ ಅದು 9ಕ್ಕೆ ಇಳಿದಿತ್ತು. ಬಲಗಣ್ಣಿನ ಪಾಪೆ ಹಿಗ್ಗಿತ್ತು, ಎಡಗೈ ಎಡಗಾಲು ಸೋತಿದ್ದವು.

ಪುಸ್ತಕ ಓದಿದವರಿಗೆ ಇಷ್ಟರಲ್ಲೇ ರೋಗ ಗೊತ್ತಾಗುತ್ತದೆ: ಎಕ್ಸ್‌ಟ್ರಾಡ್ಯೂರಲ್ ಹೆಮಟೋಮಾ. ಕಣತಲೆಯ ಎಲುಬು ತೆಳು. ಅದರ ಒಳಮೈಗೆ ಅಂಟಿಕೊಂಡು ಮಿಡ್ಲ್ ಮೆನಿಂಜಿಯಲ್ ಎಂಬ ರಕ್ತನಾಳ ಹಾದುಹೋಗುತ್ತದೆ. ಎಲುಬು ಬಿರಿದರೆ ನಾಳ ಹರಿಯುತ್ತದೆ, ರಕ್ತ ಎಲುಬಿಗೂ ಮಿದುಳಿನ ಹೊರಪೊರೆಗೂ ನಡುವೆ ಶೇಖರವಾಗುತ್ತದೆ. ಆ ಪೊರೆ ಎಲುಬಿಗೆ ಗಟ್ಟಿಯಾಗಿ ಅಂಟಿರುವುದರಿಂದ ರಕ್ತ ಹರಡಲಾರದೆ ಒಂದೇ ಕಡೆ ಉಬ್ಬುತ್ತದೆ, ಸಿಟಿ ಸ್ಕ್ಯಾನಿನಲ್ಲಿ ಮಸೂರದ ಆಕಾರ ಕಾಣುತ್ತದೆ. ಬಿದ್ದವರು ನಡುವೆ ಎದ್ದು ಮಾತಾಡಿ ಓಡಾಡುವ ಆ ಮೋಸದ ಅವಧಿ ಎಲ್ಲ ರೋಗಿಗಳಲ್ಲೂ ಬರುವುದಿಲ್ಲ. ಬಂದಾಗ ಮನೆಯವರನ್ನು ಮಾತ್ರ ಅಲ್ಲ, ವೈದ್ಯರನ್ನೂ ಯಾಮಾರಿಸುತ್ತದೆ. ಒತ್ತಡ ಹೆಚ್ಚಿದಂತೆ ಅದೇ ಬದಿಯ ಮೂರನೇ ಕಪಾಲ ನರ ಅದುಮಿ ಪಾಪೆ ಹಿಗ್ಗುತ್ತದೆ. ಕೈಕಾಲಿಗೆ ಹೋಗುವ ತಂತುಗಳು ಕೆಳಗೆ ಬದಿ ಬದಲಿಸುವುದರಿಂದ ನಿಶ್ಶಕ್ತಿ ಸಾಮಾನ್ಯವಾಗಿ ಎದುರು ಬದಿಯಲ್ಲಿ.

ಇವರ ಕಥೆ ಸುಖಾಂತ. ಸರಿಯಾದ ಹೊತ್ತಿಗೆ ಹೆಪ್ಪು ತೆಗೆದರು, ಚೇತರಿಸಿಕೊಂಡರು. ಈಗ ತೋಟದ ಕೆಲಸಕ್ಕೆ ಹೋಗುತ್ತಾರೆ, ಮರ ಹತ್ತುವುದಿಲ್ಲ. ಸಿಟಿಯನ್ನು ಪಾಠಕ್ಕೆ ಬಳಸಬಹುದೇ ಎಂದು ಕೇಳಿದಾಗ ಅವರ ಒಂದೇ ಪ್ರಶ್ನೆ, “ನನ್ನ ಮೋರೆ ಕಾಣುತ್ತದಾ ಅದರಲ್ಲಿ?”

ಕಾಣುತ್ತದೆ. ಸಿಟಿಯ ತೆಳು ಪದರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರೆ ಎಲುಬಿನ ಜತೆ ಚರ್ಮವೂ ಎದ್ದು ಬರುತ್ತದೆ. ಮೂಗು, ತುಟಿ, ಕಿವಿ ಎಲ್ಲ ಸಮೇತ. ಫೈಲಿನಿಂದ ಹೆಸರು, ಆಸ್ಪತ್ರೆ ಸಂಖ್ಯೆ ಅಳಿಸಿದರೆ ಗುರುತು ಮರೆಯಾಯಿತು ಎಂದುಕೊಳ್ಳುವವರು ಬಹಳ. ನಮ್ಮ ಕರಾವಳಿಯಲ್ಲಿ ಹತ್ತು ವಿದ್ಯಾರ್ಥಿಗಳನ್ನು ನಿಲ್ಲಿಸಿದರೆ ಒಬ್ಬರಿಗಾದರೂ “ಇವರು ನಮ್ಮ ಊರಿನವರಲ್ವಾ” ಎನ್ನಿಸುವ ಸಾಧ್ಯತೆ ಸಣ್ಣದಲ್ಲ. ಹುಬ್ಬಿನಿಂದ ಕೆಳಗಿನ ಮುಖಭಾಗವನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೆಯೇ ಫೈಲು ಮುಂದಕ್ಕೆ ಹೋಯಿತು. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ವಿವರಿಸಿದ್ದು ತುಳುವಿನಲ್ಲಿ.

ಬುರುಡೆ ಅಚ್ಚಾದ ಬಗೆ

ಪ್ರಿಂಟರ್ ತರಿಸಿದ ಯಾರೂ ಮೊದಲಿಗೆ ಹೇಳದ ಸಂಗತಿ ಎಂದರೆ ಮಳೆಗಾಲ. ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ನಮ್ಮದು. ಅಚ್ಚಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ತಂತಿ ಗಾಳಿಯ ತೇವ ಹೀರುತ್ತದೆ. ಹೀರಿದ ತಂತಿ ಬಿಸಿ ಮೂತಿಯಲ್ಲಿ ಚಟಪಟ ಅನ್ನುತ್ತದೆ, ಅಚ್ಚಿನ ಮೈಮೇಲೆಲ್ಲ ನೂಲು ಎಳೆಯುತ್ತದೆ. ಲ್ಯಾಬಿನ ಟೆಕ್ನೀಶಿಯನ್ ಗಾಳಿಯಾಡದ ಅಕ್ಕಿ ಡಬ್ಬ ತಂದು, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮುಚ್ಚಳಕ್ಕೆ ತೂತು ಮಾಡಿ ತಂತಿಯನ್ನು ಅಲ್ಲಿಂದಲೇ ಪ್ರಿಂಟರಿಗೆ ಬಿಟ್ಟರು. ಕರೆಂಟು ಹೋದರೆ ಇಡೀ ರಾತ್ರಿಯ ಕೆಲಸ ನೀರುಪಾಲು, ಅದಕ್ಕೆ ಯುಪಿಎಸ್. ಈ ಎರಡು ಏರ್ಪಾಡು ಆಗುವವರೆಗೆ ಬಂದದ್ದು ಬುರುಡೆಯ ತುಂಡುಗಳು ಮಾತ್ರ.

ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಲಿಲ್ಲ. ‘ಥ್ರೀಡಿ ಸ್ಲೈಸರ್’ ಎಂಬುದು ಎಲ್ಲರಿಗೂ ಮುಕ್ತವಾಗಿ ಸಿಗುವ ತಂತ್ರಾಂಶ. ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಸಾಂದ್ರತೆ ತಿಳಿಸುವ ಒಂದು ಹೌನ್ಸ್‌ಫೀಲ್ಡ್ ಸಂಖ್ಯೆ ಇರುತ್ತದೆ: ನೀರಿಗೆ 0, ಗಾಳಿಗೆ -1000, ಮಿದುಳಿಗೆ ಮೂವತ್ತು ನಲ್ವತ್ತು, ಹೊಸ ರಕ್ತಕ್ಕೆ ಅರವತ್ತು ಎಪ್ಪತ್ತರ ಸುಮಾರು, ಎಲುಬಿಗೆ ನೂರುಗಳಲ್ಲಿ. ಎಲುಬಿನ ಅಂಕಿ ಮೀರಿದ್ದನ್ನಷ್ಟೇ ಇಟ್ಟುಕೋ ಎಂದರೆ ಬುರುಡೆ ಬೇರೆಯಾಗುತ್ತದೆ. ರಕ್ತವನ್ನು ಹಾಗೆ ಒಂದೇ ಏಟಿಗೆ ಬೇರೆ ಮಾಡಲಾಗದು, ಅಂಕಿ ಮಿದುಳಿಗೆ ತೀರಾ ಹತ್ತಿರ. ಒಬ್ಬ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ ಕೂತು ಪದರ ಪದರವಾಗಿ ಕೈಯಲ್ಲೇ ಗೆರೆ ಎಳೆದು ಹೆಪ್ಪನ್ನು ಬಿಡಿಸಬೇಕಾಯಿತು. ಹೆಪ್ಪು ಬೇರೆಯೇ ತುಂಡಾಗಿ ಕೆಂಪು ಬಣ್ಣದಲ್ಲಿ ಅಚ್ಚಾಯಿತು. ಬುರುಡೆಯೊಳಗೆ ಕೂರಿಸಬಹುದು, ತೆಗೆಯಬಹುದು.

ಮೊದಲ ಬುರುಡೆಯ ಕಣತಲೆಯಲ್ಲಿ ತೂತು ಬಿತ್ತು. 5 ಮಿಲಿಮೀಟರ್ ದಪ್ಪದ ಪದರಗಳಿಂದ ಮಾಡಿದ್ದರಿಂದ ತೆಳು ಎಲುಬು ಲೆಕ್ಕಕ್ಕೇ ಸಿಗದೆ ಮಾಯವಾಗಿತ್ತು. ಮತ್ತೆ 1 ಮಿಲಿಮೀಟರಿಗಿಂತ ತೆಳು ಪದರ ತೆಗೆಸಿಕೊಂಡು ಹೊಸದು ಮಾಡಿದೆವು. ಆದರೆ ತೂತಿನ ಬುರುಡೆಯನ್ನು ಬಿಸಾಡಲಿಲ್ಲ. ಎಲುಬು ಎಲ್ಲಿ ತೀರಾ ತೆಳುವೋ ಅಲ್ಲೇ ತೂತು, ನಾಳ ಹರಿಯುವುದೂ ಅದರ ಆಸುಪಾಸಿನಲ್ಲೇ. ಕಣತಲೆಯ ಆ ತೆಳು ಜಾಗಕ್ಕೆ ಪ್ಟೀರಿಯನ್ ಎಂದು ಹೆಸರು; ಅದು ಎಲ್ಲಿ ಎಂದು ಕೇಳಿದರೆ ‘ಕೆನ್ನೆ ಕಮಾನಿನಿಂದ ಎರಡು ಬೆರಳು ಮೇಲೆ, ಕಣ್ಣಿನ ಹೊರ ಎಲುಬಿನಿಂದ ಒಂದು ಹೆಬ್ಬೆರಳು ಹಿಂದೆ’ ಎಂದು ಬಾಯಿಪಾಠ ಒಪ್ಪಿಸುವವರು ಆ ತೂತಿಗೆ ಬೆರಳು ತೂರಿಸಿ ನೋಡಿದ ಮೇಲೆ ತಮ್ಮ ಕಣತಲೆ ಮುಟ್ಟಿಕೊಳ್ಳುತ್ತಿದ್ದರು.

ಹೆಪ್ಪಿನ ತುಂಡು ಇನ್ನೊಂದು ಉಪಕಾರ ಮಾಡಿತು. ಹೆಪ್ಪಿನ ಗಾತ್ರ ಲೆಕ್ಕ ಹಾಕಲು ಉದ್ದ, ಅಗಲ, ಎತ್ತರ ಗುಣಿಸಿ ಎರಡರಿಂದ ಭಾಗಿಸುವ ಸೂತ್ರ ಉಂಟು. ಅಂಕಿ 30 ಮಿಲಿಲೀಟರ್ ದಾಟಿದರೆ ರೋಗಿ ಎಷ್ಟೇ ಎಚ್ಚರವಾಗಿದ್ದರೂ ತೆಗೆಯಬೇಕು ಎಂಬುದು 2006ರ ಅಂತರರಾಷ್ಟ್ರೀಯ ಮಾರ್ಗಸೂಚಿ. ದಪ್ಪ 15 ಮಿಲಿಮೀಟರಿಗಿಂತ ಕಡಿಮೆ, ಮಿದುಳಿನ ನಡುಗೆರೆ ಪಕ್ಕಕ್ಕೆ ಸರಿದಿರುವುದು 5 ಮಿಲಿಮೀಟರಿಗಿಂತ ಕಡಿಮೆ, ಗ್ಲಾಸ್ಗೋ ಅಂಕ 8ಕ್ಕಿಂತ ಮೇಲೆ, ಕೈಕಾಲಿಗೆ ತೊಂದರೆ ಇಲ್ಲ ಎಂದಾದರೆ ಸಣ್ಣ ಹೆಪ್ಪನ್ನು ಕಣ್ಣಿಟ್ಟು ಕಾಯಬಹುದು. ಕುಂದಾಪುರದ ಕಡೆಯ ಒಬ್ಬ ಹುಡುಗಿ ಸೂತ್ರದಿಂದ 45 ಮಿಲಿ ಎಂದು ಬರೆದು, “ಸರ್, ಇದನ್ನು ನೀರಿಗೆ ಹಾಕಿ ನೋಡುವನಾ?” ಎಂದಳು. ಅಳತೆ ಜಾಡಿಗೆ ಹಾಕಿದರೆ ತುಂಡು ತೇಲಿತು, ಒಳಗೆ ಅರೆಪೊಳ್ಳು. ಸೂಜಿಯಿಂದ ಅದುಮಿ ಹಿಡಿದಾಗ ಏರಿದ ನೀರು ಸೂತ್ರದ ಅಂಕಿಗೆ ಹತ್ತಿರವೇ ನಿಂತಿತು. ಅದು ಯಾರ ಪಾಠಯೋಜನೆಯಲ್ಲೂ ಇರಲಿಲ್ಲ. ಈಗ ಇದೆ.

ಬೆಳಗ್ಗಿನವರು, ಮಧ್ಯಾಹ್ನದವರು

ಹೆಡ್‌ಸೆಟ್‌ಗಳು ನಮ್ಮೊಬ್ಬರವಲ್ಲ. ನರ್ಸಿಂಗ್ ವಿದ್ಯಾರ್ಥಿಗಳಿಗೂ ಅವೇ ಬೇಕು, ಅವರ ಸರದಿ ದಿನದ ನಡುವೆ. ಹಾಗಾಗಿ ಬೆಳಗ್ಗಿನ ತಂಡಕ್ಕೆ ಮೊದಲು ಹೆಡ್‌ಸೆಟ್, ಆಮೇಲೆ ನನ್ನ ಮೇಜು. ಮಧ್ಯಾಹ್ನದ ತಂಡಕ್ಕೆ ಮೊದಲು ನನ್ನ ಮೇಜು, ಹೆಡ್‌ಸೆಟ್ ಬಿಡುವಾದ ಮೇಲೆ ಅದು. ಪರೀಕ್ಷಿಸಬೇಕೆಂದು ಯಾರೂ ಹೀಗೆ ಮಾಡಿದ್ದಲ್ಲ. ತಂಡ ಹಂಚಿದ್ದು ಹಾಜರಿ ಪಟ್ಟಿಯ ಪ್ರಕಾರ.

ಹೆಡ್‌ಸೆಟ್ ಒಳಗೆ ಏನಿತ್ತೆಂದರೆ, ಇದೇ ರೋಗಿಯ ತಲೆ ಕೋಣೆಯ ನಡುವೆ ತೇಲುತ್ತಿತ್ತು. ಸುತ್ತ ನಡೆದು ನೋಡಬಹುದು, ತಲೆ ಬಗ್ಗಿಸಿ ಒಳಗೇ ಹೊಕ್ಕಬಹುದು. ಎಲುಬನ್ನು ಪಾರದರ್ಶಕ ಮಾಡಿದರೆ ಕೆಂಪು ಹೆಪ್ಪು, ಅದರಿಂದ ಚಪ್ಪಟೆಯಾದ ಮಿದುಳು, ಪಕ್ಕಕ್ಕೆ ಸರಿದ ನಡುಗೆರೆ. ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಎಸಿ ಕೋಣೆಯಿಂದ ಕಾರಿಡಾರಿಗೆ ತಂದರೆ ಗಾಜಿಗೆ ಮಂಜು ಕೂರುವುದು, ತಲೆಗೆಣ್ಣೆ ಹಚ್ಚಿದವರಿಂದ ಪಟ್ಟಿಯ ಸ್ಪಂಜು ಜಿಡ್ಡಾಗುವುದು, ಕೆಲವರಿಗೆ ತಲೆ ತಿರುಗುವುದು ಎಲ್ಲ ಇದ್ದವು. ಆದರೂ ಹೊರಬಂದವರ ಮುಖದಲ್ಲಿ ಹೊಳಪಿತ್ತು. “ಈಗ ಪೂರ್ತಿ ಅರ್ಥ ಆಯ್ತು ಸರ್.”

ನನ್ನ ಮೇಜಿನ ಮೇಲೆ ಇದ್ದದ್ದು ಅದೇ ರೋಗಿಯ ಸಿಟಿ ಫಿಲ್ಮ್, ಫಿಲ್ಮಿಗೆ ಹಿಂದಿನಿಂದ ಬೆಳಕು ಕೊಡುವ ಹಳೇ ವ್ಯೂ ಬಾಕ್ಸ್, ಅಚ್ಚಿನ ಖಾಲಿ ಬುರುಡೆ, ಒಂದು ಮಾರ್ಕರ್ ಪೆನ್ನು. ಬುರುಡೆ ಮಲಗಿರುತ್ತದೆ, ವಿದ್ಯಾರ್ಥಿ ನಿಲ್ಲುವುದು ಸರ್ಜನ್ ನಿಲ್ಲುವ ಜಾಗದಲ್ಲಿ, ಅಂದರೆ ನೆತ್ತಿಯ ಕಡೆ. ಫಿಲ್ಮ್ ನೋಡಿ ಹೆಪ್ಪು ಎಲ್ಲಿದೆ ಎಂದು ಬುರುಡೆಯ ಹೊರಮೈ ಮೇಲೆ ಸುತ್ತು ಹಾಕಬೇಕು. ಇಷ್ಟೇ.

ಬೆಳಗ್ಗಿನ ತಂಡದಲ್ಲಿ ಒಬ್ಬರ ಹಿಂದೆ ಒಬ್ಬರು ಎಡಬದಿಗೆ ಸುತ್ತು ಹಾಕುತ್ತಾ ಹೋದರು.

ಸಿಟಿ ಫಿಲ್ಮಿನಲ್ಲಿ ರೋಗಿಯ ಬಲ ನಮ್ಮ ಎಡಕ್ಕೆ ಇರುತ್ತದೆ ಎಂಬುದು ಇವರಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ತಕ್ಷಣ ಹೇಳುತ್ತಾರೆ. ಸೌತೆಕಾಯಿಯನ್ನು ಅಡ್ಡ ಹೆಚ್ಚಿ ಬಿಲ್ಲೆಯನ್ನು ಕೆಳಗಿನಿಂದ ನೋಡಿದ ಹಾಗೆ, ಸಿಟಿಯಲ್ಲಿ ನಾವು ತಲೆಯನ್ನು ಕಾಲಿನ ಕಡೆಯಿಂದ ನೋಡುತ್ತಿರುತ್ತೇವೆ. ಆದರೆ ನೆತ್ತಿಯ ಕಡೆ ನಿಂತಾಗ ಮಲಗಿದ ರೋಗಿಯ ಬಲ ನಮ್ಮ ಬಲಕ್ಕೇ ಬರುತ್ತದೆ. ಗೋಡೆಯ ಮೇಲಿನ ಫಿಲ್ಮಿಗೂ ಕೈಯಲ್ಲಿರುವ ತಲೆಗೂ ನಡುವೆ ಮನಸ್ಸಿನೊಳಗೆ ಒಂದು ಸಲ ಮಗುಚಬೇಕು. ಆ ಮಗುಚುವಿಕೆ ನಿಯಮ ಹೇಳಿದ ಮಾತ್ರಕ್ಕೆ ಬರುವುದಿಲ್ಲ.

ಸುತ್ತು ಹಾಕಿದ ಒಬ್ಬ ಹುಡುಗನಿಗೆ, ರೋಗಿಯ ಯಾವ ಪಾಪೆ ಹಿಗ್ಗಿತ್ತು ಎಂದು ಕೇಳಿದೆ.

“ಬಲ ಸರ್.”

“ಹೆಪ್ಪು?”

ಅವನು ಬುರುಡೆ ನೋಡಿದ, ಫಿಲ್ಮ್ ನೋಡಿದ. “ಹೆಡ್‌ಸೆಟ್‌ನಲ್ಲಿ ಸರಿಯಾಗಿ ನೋಡಿದ್ದೆ ಸರ್. ಈ ಕಡೆಯೇ ಇತ್ತು.”

“ನೀನು ಎಲ್ಲಿ ನಿಂತು ನೋಡಿದ್ದು?”

ಅದಕ್ಕೆ ಉತ್ತರ ಇರಲಿಲ್ಲ. ಸುತ್ತ ನಡೆದಿದ್ದ, ಎದುರಿನಿಂದಲೂ ಕಂಡಿತ್ತು, ಹಿಂದಿನಿಂದಲೂ ಕಂಡಿತ್ತು. ಕೆಂಪು ಬಣ್ಣ ಹಚ್ಚಿ ಎದುರಿಗೆ ಇಟ್ಟಿದ್ದ ಹೆಪ್ಪನ್ನು ಹುಡುಕುವ ಅಗತ್ಯವೇ ಬಿದ್ದಿರಲಿಲ್ಲ.

ಮಧ್ಯಾಹ್ನದ ತಂಡವೂ ತಪ್ಪಿತು. ಆದರೆ ಬೇರೆ ರೀತಿಯಲ್ಲಿ. ಅವರು ಹೆಡ್‌ಸೆಟ್ ಕಂಡಿರಲಿಲ್ಲ, ಹಾಗಾಗಿ ಅರ್ಥವಾಗಿದೆ ಎಂಬ ಧೈರ್ಯವೂ ಇರಲಿಲ್ಲ. ಫಿಲ್ಮಿನ ಅಂಚಿನಲ್ಲಿರುವ ಬಲ–ಎಡದ ಅಕ್ಷರ ಹುಡುಕಿದರು. ಒಬ್ಬಳು ಮೇಜಿನ ಮೇಲೆ ಅಂಗಾತ ಮಲಗುವವಳ ಹಾಗೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ತನ್ನ ಕೈ ನೋಡಿಕೊಂಡಳು. ಇಬ್ಬರು ತಮ್ಮೊಳಗೇ ಜಗಳಾಡಿದರು: “ಎಂತ ಮಾರಾಯ, ನೀನು ಕಾಲಿನ ಕಡೆಯಿಂದ ನೋಡುವುದು, ನಾನು ತಲೆಯ ಕಡೆಯಿಂದ ನೋಡುವುದು.” ತಪ್ಪಾಗಿ ಹಾಕಿದ ಸುತ್ತನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಹಾಕಿದವರು ಇದ್ದರು. ಕೊನೆಗೆ ಹೆಡ್‌ಸೆಟ್ ಹಾಕಿಕೊಂಡು ಒಳಗೆ ಹೋದಾಗ ಅವರು ಕೆಂಪು ಹೆಪ್ಪನ್ನು ಬೆರಗಿನಿಂದ ನೋಡಲಿಲ್ಲ, ನೇರ ನೆತ್ತಿಯ ಕಡೆ ಹೋಗಿ ನಿಂತು ತಾವು ಹಾಕಿದ ಸುತ್ತು ಸರಿಯೋ ಎಂದು ತಾಳೆ ನೋಡಿದರು.

ವಾರ ಕಳೆದು ಬೇರೊಬ್ಬ ರೋಗಿಯ ಫಿಲ್ಮ್ ಕೊಟ್ಟಾಗಲೂ ಈ ವ್ಯತ್ಯಾಸ ಉಳಿದಿತ್ತು. ಮಧ್ಯಾಹ್ನದವರು ನಿಧಾನ, ಆದರೆ ಸರಿ. ಬೆಳಗ್ಗಿನವರಲ್ಲಿ ಹಲವರು ಬೇಗ, ಮತ್ತು ತಪ್ಪು. ಇದನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುವ ಆಸೆ ನನಗಿಲ್ಲ. ತಂಡ ಸಣ್ಣದು, ಹಂಚಿಕೆ ಹಾಜರಿ ಪಟ್ಟಿಯದು, ನೋಡಿದ್ದು ನಾನೊಬ್ಬನೇ.

ಯಾಕೆ ಹೀಗಾಯಿತು

ಹೆಡ್‌ಸೆಟ್‌ಗೆ ದುಡ್ಡು ಕೇಳುವ ಪ್ರತಿ ಅರ್ಜಿಯಲ್ಲೂ 2002ರ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದ ಪ್ರಸ್ತಾಪ ಇದ್ದೇ ಇರುತ್ತದೆ. ವಿಆರ್ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿದ ಸರ್ಜರಿ ರೆಸಿಡೆಂಟ್‌ಗಳು ಪಿತ್ತಕೋಶ ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ 29ರಷ್ಟು ಬೇಗ ಮುಗಿಸಿದರು, ತಪ್ಪೂ ಬಹಳ ಕಡಿಮೆ ಮಾಡಿದರು. ಒಳ್ಳೆಯ ಅಧ್ಯಯನ, ಒಪ್ಪುವ ಮಾತು. ಆದರೆ ಅಲ್ಲಿ ಸಿಮ್ಯುಲೇಟರ್ ಕೇಳಿದ ಕೆಲಸವೂ ಓಟಿ ಕೇಳಿದ ಕೆಲಸವೂ ಹೆಚ್ಚು ಕಡಿಮೆ ಒಂದೇ: ಪರದೆ ನೋಡುತ್ತಾ ಉದ್ದ ಉಪಕರಣ ಆಡಿಸುವುದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ರೂಪಿಸಿದ ನ್ಯೂರೋಟಚ್‌ನಂಥ ಯಂತ್ರಗಳು ಮಿದುಳಿನ ಗಡ್ಡೆಯ ಮೆದು–ಗಟ್ಟಿಯನ್ನೂ ಕೈಗೆ ತಿಳಿಸುತ್ತವೆ. ದೆಹಲಿಯ ಏಮ್ಸ್ ನ್ಯೂರೋಸರ್ಜರಿ ವಿಭಾಗ ಇಂಥ ಕೌಶಲಕ್ಕಾಗಿಯೇ ತರಬೇತಿ ಶಾಲೆ ನಡೆಸುತ್ತಿದೆ. ಅಲ್ಲಿ ಕಲಿಯುವವರು ನಾಳೆ ಅದೇ ಕೆಲಸವನ್ನು ಕೈಯಾರೆ ಮಾಡುವವರು.

ನಮ್ಮ ಎಂಬಿಬಿಎಸ್ ವಿದ್ಯಾರ್ಥಿಯ ಕೆಲಸ ಬೇರೆ. ಅವನ ಎದುರು ನಾಳೆ ಬರುವುದು ತೇಲುವ ತಲೆ ಅಲ್ಲ. ಚಪ್ಪಟೆ ಫಿಲ್ಮ್ ಬರುತ್ತದೆ, ಅಥವಾ ಫಿಲ್ಮಿಗೆ ಟ್ಯೂಬ್‌ಲೈಟ್ ಹಿಡಿದು ತೆಗೆದ ವಾಟ್ಸಾಪ್ ಫೋಟೋ. ಅದನ್ನು ಯಾರಾದರೂ ಹಿಂದುಮುಂದಾಗಿ ಹಿಡಿದು ತೆಗೆದಿದ್ದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಇರುತ್ತವೆ, ಆತುರದಲ್ಲಿ ಅದನ್ನೂ ಗಮನಿಸುವುದಿಲ್ಲ. ಚಪ್ಪಟೆ ಚಿತ್ರಗಳಿಂದ ಉರುಟು ತಲೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದೇ ಅವನು ಕಲಿಯಬೇಕಾದದ್ದು. ಹೆಡ್‌ಸೆಟ್ ಸರಿಯಾಗಿ ಆ ಕೆಲಸವನ್ನೇ ಅವನ ಪರವಾಗಿ ಮುಗಿಸಿಕೊಟ್ಟಿತ್ತು. ಮುಗಿದ ಕೆಲಸವನ್ನು ನೋಡಿ ಬಂದವನಿಗೆ ತಾನೂ ಅದನ್ನು ಮಾಡಬಲ್ಲೆ ಅನ್ನಿಸಿತು. ಮಧ್ಯಾಹ್ನದವರಿಗೆ ಅದೇ ಯಂತ್ರ ಉತ್ತರ ತಾಳೆ ನೋಡುವ ಸಾಧನವಾಯಿತು. ಯಂತ್ರ ಕೆಟ್ಟದ್ದಲ್ಲ, ಅದರ ಸರದಿ ಮೊದಲು ಬಂದದ್ದು ಕೆಟ್ಟದ್ದು.

ಅನಾಟಮಿಯ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. ಮೊದಲು ಪೂರ್ತಿ ಚಿತ್ರ ಕಾಣದವರಿಗೆ ಫಿಲ್ಮ್ ಕೊಟ್ಟರೆ ಕುರುಡು ಊಹೆಯೇ ಗತಿ, ಹೆದರಿಕೆ ಇನ್ನೂ ಜಾಸ್ತಿ ಎಂಬುದು ಅವರ ವಾದ. ಮೊದಲ ವರ್ಷದವರ ಮಟ್ಟಿಗೆ ಅವರು ಹೇಳುವುದು ಸರಿಯೇ. ಮಿದುಳಿನ ಕೋಣೆಗಳು ಎಲ್ಲಿವೆ ಎಂದೇ ಗೊತ್ತಿಲ್ಲದವರಿಗೆ ಸುತ್ತ ನಡೆದು ನೋಡುವುದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮಣಿಪಾಲದ ಅನಾಟಮಿ ಮ್ಯೂಸಿಯಮ್ಮಿನಲ್ಲಿ ಗಾಜಿನ ಜಾಡಿಗಳ ಸುತ್ತ ತಿರುಗಿ ಕಲಿತವರು ನಾವೆಲ್ಲ. ಅಂತಿಮ ವರ್ಷದವರ ಮಟ್ಟಿಗೆ ಒಪ್ಪಲಾರೆ. ಅವರಿಗೆ ತಲೆಯ ಅಂಗರಚನೆ ಗೊತ್ತು. ಫಿಲ್ಮಿನಿಂದ ಅದರತ್ತ ಹೋಗುವ ದಾರಿ ಗೊತ್ತಿಲ್ಲ.

ತಪ್ಪು ಬದಿ ಎಂಬುದು ಬರೀ ಪಾಠದ ಮೇಜಿನ ಸಮಸ್ಯೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆ ಸುರಕ್ಷತಾ ಪಟ್ಟಿಯಲ್ಲಿ ಅರಿವಳಿಕೆಗೆ ಮುನ್ನವೇ ಜಾಗ ಗುರುತು ಮಾಡಿದೆಯೇ ಎಂಬ ಪ್ರಶ್ನೆ ಇರುವುದು ಇದಕ್ಕಾಗಿ.

ಕೊರೆಯುವ ಆಸೆ

ವಿದ್ಯಾರ್ಥಿಗಳು ಕೇಳಿದ್ದು ಇದನ್ನೆಲ್ಲ ಅಲ್ಲ. ಅವರಿಗೆ ಬೇಕಾಗಿದ್ದು ಡ್ರಿಲ್. ಅದಕ್ಕೂ ಒಂದು ಮಧ್ಯಾಹ್ನ ಕೊಟ್ಟೆವು. ಅಂಗಡಿಯಲ್ಲಿ ಪುಡ್ಡಿಂಗಿಗೆಂದು ಸಿಗುವ ಚೈನಾ ಗ್ರಾಸ್ ಎಂದರೆ ಅಗರ್. ಅದರ ಶುದ್ಧ ರೂಪವಾದ ಅಗರೋಸ್ ಅನ್ನು ನೂರು ಮಿಲಿ ನೀರಿಗೆ 0.6 ಗ್ರಾಂ ಪ್ರಮಾಣದಲ್ಲಿ ಕಾಯಿಸಿ ಆರಿಸಿದರೆ ಮಿದುಳಿನ ಮೆದುತನಕ್ಕೆ ಸಮೀಪ ಬರುತ್ತದೆ. ಅಡುಗೆಯದ್ದರಲ್ಲಿ ಹದ ಹಿಡಿಯಲು ಸ್ವಲ್ಪ ಹೆಚ್ಚುಕಮ್ಮಿ ಮಾಡಬೇಕು. ಮಿದುಳಿನ ದ್ರವಕೋಣೆಯ ಬದಲಿಗೆ ನಡುವೆ ಬಣ್ಣದ ನೀರು ತುಂಬಿದ ಬಲೂನು ಇಟ್ಟು ಅಚ್ಚಿನ ಬುರುಡೆಯೊಳಗೆ ಎರೆದೆವು. ಆ ಕೋಣೆಯ ದ್ರವ ಹೊರಹರಿಸಲು ಬುರುಡೆಗೆ ತೂತು ಮಾಡುವ ಜಾಗ ಕೋಕರ್ ಬಿಂದು, ಅದನ್ನು ಗುರುತಿಸಬೇಕು: ಮೂಗಿನ ಬುಡದಿಂದ ಹಿಂದಕ್ಕೆ 11 ಸೆಂಟಿಮೀಟರ್, ನಡುಗೆರೆಯಿಂದ ಪಕ್ಕಕ್ಕೆ 3. ಅಲ್ಲಿ ತೂತು ಮಾಡಿ, ಅದೇ ಬದಿಯ ಕಣ್ಣಿನ ಒಳಮೂಲೆ ಮತ್ತು ಕಿವಿಯ ಮುಂಭಾಗ ಸೇರುವ ದಿಕ್ಕಿಗೆ ಕೊಳವೆ ತೂರಿಸಬೇಕು. 6 ಸೆಂಟಿಮೀಟರಿನ ಆಸುಪಾಸಿನಲ್ಲಿ ನೀರು ಬರಬೇಕು. ಕೆಲವರಿಗೆ ಬಂತು, ಕೂಗಾಟವೋ ಕೂಗಾಟ. ಅಭ್ಯಾಸವಿದ್ದ ಕೈಗಳಿಗೂ ಇದು ಸುಲಭವಲ್ಲ: ಅಮೆರಿಕದ ಬ್ಯಾರೋ ನರವಿಜ್ಞಾನ ಸಂಸ್ಥೆ 2008ರಲ್ಲಿ ಪ್ರಕಟಿಸಿದ 346 ರೋಗಿಗಳ ಲೆಕ್ಕದಲ್ಲಿ ಕೊಳವೆ ಸರಿಯಾದ ಜಾಗ ಸೇರಿದ್ದು ಶೇ 77ರಲ್ಲಿ.

ಖುಷಿ ಕೊಟ್ಟ ಮಧ್ಯಾಹ್ನ. ಅವರ ಮುಂದಿನ ಕೆಲಸಕ್ಕೆ ಅದರಿಂದಾದ ಪ್ರಯೋಜನ ಅಷ್ಟಕ್ಕಷ್ಟೆ. ಅಗರಿನ ಆ ಮಿದುಳು ಮಾತ್ರ ನಮ್ಮ ಸೆಕೆಗೆ ಮರುದಿನವೇ ಹುಳಿವಾಸನೆ ಬೀರಿತು.

ಪರದೆಗೆ ತಿಳಿಯದ ತುಳು

ಮೂರನೆಯದು ಕೇಸ್ ಸಿಮ್ಯುಲೇಶನ್. ರೋಗಿ ಪರದೆ ಮೇಲೆ ಇರುತ್ತಾರೆ, ಗಡಿಯಾರ ಓಡುತ್ತದೆ, ನಾಡಿ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಏರುಪೇರಾಗುತ್ತದೆ. ವಿದ್ಯಾರ್ಥಿ ಪ್ರತಿ ಬಾರಿ ಗ್ಲಾಸ್ಗೋ ಅಂಕ ಹಾಕಿ ಮುಂದಿನ ಹೆಜ್ಜೆ ಆಯ್ಕೆ ಮಾಡಬೇಕು. ನಾವು ಕೊಂಡ ತಂತ್ರಾಂಶದ ರೋಗಿ ಇಂಗ್ಲಿಷಿನಲ್ಲಿ ನರಳುತ್ತಿದ್ದ. ಎಲ್ಲರೂ ಚೆನ್ನಾಗಿ ಅಂಕ ಹಾಕಿದರು.

ಆಮೇಲೆ ಆಸ್ಪತ್ರೆಯ ಒಬ್ಬ ಹಿರಿಯ ಅಟೆಂಡರ್ ಅವರನ್ನು ಮಲಗಿಸಿ ರೋಗಿಯ ಪಾತ್ರ ಮಾಡಿಸಿದೆವು. ಅವರು ಕಣ್ಣು ಅರ್ಧ ಮುಚ್ಚಿ, “ಎಂಕ್ ಇಲ್ಲಡೆ ಪೋವೊಡು” ಎಂದರು. ನನಗೆ ಮನೆಗೆ ಹೋಗಬೇಕು ಎಂದು. ಹೊರರಾಜ್ಯದ ಒಬ್ಬ ಇಂಟರ್ನ್ ಮಾತಿನ ಅಂಕ (ಗರಿಷ್ಠ 5) 2 ಎಂದು ಬರೆದ: ಅರ್ಥವಿಲ್ಲದ ಶಬ್ದ. ಬಯಲುಸೀಮೆಯ ಇನ್ನೊಬ್ಬಳು 3 ಕೊಟ್ಟಳು: ಸಂಬಂಧವಿಲ್ಲದ ಪದಗಳು. ಬಂಟ್ವಾಳದ ಹುಡುಗ “ಈರ್ ಏರ್? ಇತ್ತೆ ಓಲು ಉಲ್ಲರ್?” (ನೀವು ಯಾರು? ಈಗ ಎಲ್ಲಿದ್ದೀರಿ?) ಎಂದು ಕೇಳಿ, ಸರಿಯಾದ ಉತ್ತರ ಬಂದ ಮೇಲೆ 5 ಎಂದ. ಒಬ್ಬರೇ ರೋಗಿ, ಮೂರು ಅಂಕ. ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಈ ಮಾಪನ ಕೊಟ್ಟದ್ದೇ ನೋಡುವವರು ಬದಲಾದರೂ ಅಂಕ ಬದಲಾಗಬಾರದು ಎಂಬ ಉದ್ದೇಶದಿಂದ. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಒಂದೇ ಕ್ಯಾಶುವಲ್ಟಿಯಲ್ಲಿ ಕೇಳುವ ಊರಿನಲ್ಲಿ ಇದು ಬರೀ ತಮಾಷೆಯಲ್ಲ. ತಾಲೂಕಿನಲ್ಲಿ 14 ಎಂದು ಬರೆದು, ಮಂಗಳೂರಿನಲ್ಲಿ ಭಾಷೆ ಗೊತ್ತಿಲ್ಲದವರು 12 ಎಂದು ಬರೆದರೆ ರೋಗಿ ಇಳಿದದ್ದೋ, ಭಾಷೆ ಬದಲಾದದ್ದೋ? ತಿರುಗುಮುರುಗಾಗಿಯೂ ಆಗಬಹುದು: ನಿಜವಾಗಿ ಗೊಂದಲದಲ್ಲಿರುವ ರೋಗಿಯನ್ನು ‘ಭಾಷೆ ಗೊತ್ತಾಗಲಿಲ್ಲ’ ಎಂದು ಬಿಟ್ಟುಬಿಡುವುದು.

“ಜತೆಗೆ ಬಂದವರನ್ನು ಕೇಳಿ” ಎಂಬ ಸಾಲನ್ನು ಆ ದಿನವೇ ಪಾಠಕ್ಕೆ ಸೇರಿಸಿದೆವು. ಅಂಕವನ್ನು ಒಟ್ಟು ಮಾಡಿ ಹೇಳದೆ ಕಣ್ಣು, ಮಾತು, ಚಲನೆ ಬೇರೆ ಬೇರೆಯಾಗಿ ಹೇಳಿ ಎಂಬುದನ್ನೂ. ಸುಳ್ಯದಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಮೇಲೆ. ಆ ದಾರಿಯಲ್ಲಿ ಅಂಕ ಇಳಿಯಿತೇ ಇಲ್ಲವೇ ಎಂಬುದರ ಮೇಲೆ ಓಟಿ ತಯಾರಾಗುವುದು ನಿಂತಿರುತ್ತದೆ.

ಈಗಿನ ಕ್ರಮ

ಈಗ ಎರಡೂ ತಂಡಕ್ಕೆ ಮೊದಲು ಫಿಲ್ಮ್, ಬುರುಡೆ, ಮಾರ್ಕರ್. ಸುತ್ತು ಹಾಕಿ, ಹೆಪ್ಪಿನ ಗಾತ್ರ ಲೆಕ್ಕ ಹಾಕಿ, ಕಳಿಸಬೇಕೋ ಕಾಯಬೇಕೋ ಎಂದು ಒಂದು ಸಾಲು ಬರೆದು ಸಹಿ ಮಾಡಿದ ಮೇಲೆ ಕೆಂಪು ತುಂಡನ್ನು ಒಳಗೆ ಕೂರಿಸಿ ನೋಡುವುದು. ಹೆಡ್‌ಸೆಟ್ ಕೊನೆಗೆ. ನರ್ಸಿಂಗ್‌ನವರ ಸರದಿ ಹೊಂದಿಸಿಕೊಳ್ಳಲು ಎರಡು ವಿಭಾಗಗಳ ನಡುವೆ ಪತ್ರ ಓಡಾಡಿತು. ಬೆಳಗ್ಗೆ ಅವರಿಗೆ ಬಿಟ್ಟುಕೊಟ್ಟೆವು. ವಿದ್ಯಾರ್ಥಿಗಳ ಅಭಿಪ್ರಾಯ ಪತ್ರಗಳಲ್ಲಿ ಹೊಸ ಕ್ರಮಕ್ಕೆ ಮೊದಲಿನಷ್ಟು ಹೊಗಳಿಕೆ ಇಲ್ಲ. ‘ಕಷ್ಟ’, ‘ಮೊದಲು ತೋರಿಸಬೇಕಿತ್ತು’ ಎಂಬ ಮಾತುಗಳಿವೆ. ಅವನ್ನು ಓದಿದ ಸಹೋದ್ಯೋಗಿ, “ಹೆಡ್‌ಸೆಟ್ ಮೊದಲಿದ್ದಾಗ ಎಲ್ಲರೂ ಪೂರ್ತಿ ಅಂಕ ಕೊಟ್ಟಿದ್ದರು ಮಾರಾಯ್ರೆ, ಈಗ ಡೀನ್‌ಗೆ ತೋರಿಸುವುದು ಹೇಗೆ?” ಎಂದರು. ತೋರಿಸಿದೆವು.

ಸಿಮ್ಯುಲೇಶನ್ನಿನ ಇಂಗ್ಲಿಷ್ ಧ್ವನಿ ತೆಗೆದು ತುಳು ಮತ್ತು ಕನ್ನಡದ್ದನ್ನು ಹಾಕಿ ಆಗಿದೆ, ಧ್ವನಿ ಅದೇ ಅಟೆಂಡರ್ ಅವರದು. ಬ್ಯಾರಿಗೆ ಒಬ್ಬರು ಒಪ್ಪಿದ್ದಾರೆ. ಕೊಂಕಣಿಯಲ್ಲಿ ಯಾವ ಕೊಂಕಣಿ ಎಂಬ ಚರ್ಚೆ ಇನ್ನೂ ನಡೆದಿದೆ.